ಅಡುಗೆಮನೆಯ ಆನೆ

ಒಂದಾನೊಂದು ಊರಿನಲ್ಲಿ, ಬೇರೆಲ್ಲೂ ಅಲ್ಲ, ನಮ್ಮ ಚಿತ್ರದುರ್ಗದಲ್ಲೇ, ಹೇಳಿದ ಕಥೆಯ ಪಾತ್ರಗಳು ಮನೆಗೆ ಬಂದು ಕೂರುತ್ತಿದ್ದವು. ಕೇಳಿದವರೇ ಕಥೆಯನ್ನು ಕೊನೆತನಕ ತಿರುಗಿ ಹೇಳಿದರೆ ಮಾತ್ರ ಎದ್ದು ಹೋಗುತ್ತಿದ್ದವು.

ಅಕ್ಕನ ಮಗಳು ಇಂಚರಳಿಗೆ ಮನೆಪಾಠ ಹೇಳುವವಳು ನಾನು. ಅವಳ ಗಮನ ಎರಡು ನಿಮಿಷ ನಿಲ್ಲದು, ಅದಕ್ಕೇ ಪಾಠದ ನಡುವೆ ಕಥೆ ಶುರುಮಾಡಿದೆ. ಕಥೆಯಲ್ಲಿ ಯಾರೂ ಒಂಟಿಯಾಗಿ ಬರಬಾರದೆಂಬುದು ನಮ್ಮಜ್ಜಿಯ ಪದ್ಧತಿ. ಹಾಗಾಗಿ ನಿದ್ದೆ ಬಾರದ ರಾಜನಿಗೊಂದು ಆನೆ, ಆನೆಗೊಬ್ಬ ಮಾವುತ, ಮಾವುತನಿಗೊಬ್ಬಳು ಅತ್ತೆ ಎಂದು ಬೆಳೆಸಿಬಿಟ್ಟೆ. ಮೂರು ದಿನದಿಂದ ಎಲ್ಲರೂ ನಮ್ಮಲ್ಲೇ. ಅಡುಗೆಮನೆ ತುಂಬ ಆನೆ.

"ಸಂಜೆಯೊಳಗೆ ಮನೆ ಖಾಲಿ ಆಗ್ಲಿಲ್ಲ ಅಂದ್ರೆ ಇವಳನ್ನ ಹಾಸ್ಟೆಲ್‌ಗೆ ಸೇರಿಸ್ತೀನಿ," ಎಂದು ಅಕ್ಕ ಆಫೀಸಿಗೆ ಹೋಗಿದ್ದಳು.

ಇಂಚರ ಮತ್ತೆ ಶುರುಮಾಡಿದಳು. "ರಾಜಂಗೆ ನಿದ್ದೆ ಬರ್ಲಿಲ್ಲ. ಆನೆ ಬಂತು..."

"ಬೆಳದಿಂಗಳಲ್ಲಿ ಬಂತು ಪುಟ್ಟಾ, ಕಾಲಿಗೆ ಗೆಜ್ಜೆ ಕಟ್ಕೊಂಡು..." ಎಂದೆ.

ಚಪ್ಪಲಿ ಮೆಟ್ಟುತ್ತಿದ್ದ ರಾಜ ನಿಟ್ಟುಸಿರಿಟ್ಟು ವಾಪಸ್ ಕೂತ.

"ಪ್ರತಿಸಲ ನೀನೇ ಮಧ್ಯೆ ಬಾಯಿ ಹಾಕ್ತೀಯ ಚಿಕ್ಕಮ್ಮಾ! ಸುಮ್ನಿರು!"

ರಾಜನೂ ಹೌದೆಂದು ತಲೆಯಾಡಿಸಿದ. ನಾನು ದುಪಟ್ಟಾ ತುದಿಯನ್ನು ಬಾಯಿಗೆ ತುರುಕಿಕೊಂಡೆ.

ಇಂಚರ ಒಬ್ಬೊಬ್ಬರನ್ನೇ ಮುಟ್ಟುತ್ತಾ ಹೇಳಿದಳು. "ರಾಜಂಗೆ ನಿದ್ದೆ ಬರ್ಲಿಲ್ಲ. ಆನೆ ಬಂತು. ಮಾವುತ ಊರೆಲ್ಲ ಸುತ್ತಿಸ್ದ. ಅವನ ಅತ್ತೆ ಜೋಗುಳ ಹಾಡಿದ್ಲು. ರಾಜ ಮಲ್ಕೊಂಡ."

ನಾನು ಮೂರು ದಿನ ಎಳೆದ ಕಥೆ ಅಷ್ಟೇ ಇತ್ತು. ರಾಜ ಆಕಳಿಸುತ್ತ ಹೊರಟ. ಅವನ ಹಿಂದೆ ಮಾವುತ, ಅತ್ತೆ. ಕೊನೆಗೆ ಆನೆಯೂ ತಲೆ ತಗ್ಗಿಸಿ ಹೊಸ್ತಿಲು ದಾಟಿತು.