ತೂಕದ ಗುಂಡು

ಚಿಕ್ಕತಿಮ್ಮ ಮೇಸ್ತ್ರಿ ಕಟ್ಟಿದ ಗೋಡೆಗೆ ತೂಕದ ಗುಂಡು ಇಳಿಬಿಟ್ಟರೆ ದಾರ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಈಗ ಮೂರು ತಿಂಗಳಿಂದ ಅವನೇ ವಾಲುತ್ತಿದ್ದ. ಮುಖ ತೊಳೆಯಲು ಕಣ್ಣು ಮುಚ್ಚಿದರೂ ತೂರಾಡಿ ಗೋಡೆ ಹಿಡಿಯುತ್ತಿದ್ದ. ಅಂಗಿಯಲ್ಲಿ ಬ್ರಾಂದಿಯ ವಾಸನೆ. ಹೆಂಡತಿ ದೇವೀರಮ್ಮ ಬೈದು, ಅತ್ತು, ಕೊನೆಗೆ ಮಾತೇ ಬಿಟ್ಟಿದ್ದಳು.

ಅವತ್ತು ಗೋಡೆ ಕಟ್ಟಲು ನಿಲ್ಲಿಸಿದ ಸಾರುವೆಯ ಕೆಳಹಲಗೆಯಿಂದ ಬಿದ್ದವನನ್ನು ಜೊತೆಗಾರರು ಮನೆಗೆ ತಂದು ಬಿಟ್ಟರು.

"ಹಗಲೊತ್ತು ಹಾಕ್ಬೇಡ ಅಂತ ಹೇಳಕ್ಕಾ," ಎಂದು ನಗುತ್ತಾ, ಅವನು ಕುಡಿದಿಟ್ಟ ಚೊಂಬಿನಲ್ಲೇ ತಾವೂ ನೀರು ಕುಡಿದು ಹೋದರು.

ದೇವೀರಮ್ಮ ಸಿಟ್ಟಿನಿಂದ ಅವನ ಕರಣೆಯ ಚೀಲ ಕೊಡವಿದಳು. ಬ್ರಾಂದಿ ಬಾಟಲಿ ಸಿಕ್ಕಿತು, ಮುಕ್ಕಾಲು ತುಂಬಿತ್ತು. ಜೊತೆಗೆ ದೊಡ್ಡಾಸ್ಪತ್ರೆಯ ಮಾತ್ರೆ ಡಬ್ಬಿ.

"ಇದ್ಯಾತರ ಮಾತ್ರೆ?"

"ಎಚ್‌ಐವಿದು. ಮೆದುಳಿಗೂ ನರಕ್ಕೂ ಹತ್ತೈತಂತೆ, ಅದಕ್ಕೇ ನಿಲ್ಲಕ್ಕಾಗಲ್ಲ. ನೀನೂ ರಕ್ತ ಕೊಡ್ಬೇಕಂತೆ."

ಅವಳು ಗೋಡೆಗೊರಗಿ ಕುಳಿತಳು. ಬಾಟಲಿ ಎತ್ತಿ ತೋರಿಸಿ ಕೇಳಿದಳು, "ಮತ್ತೆ ಕುಡಿಯೋದು?"

"ಒಂದು ತೊಟ್ಟೂ ಕುಡ್ದಿಲ್ಲ. ಅಂಗಿಗೆ ಸವರ್ಕೊಂಡು ಹೋಗ್ತೀನಿ. ಕುಡುಕ ಅಂದ್ರೆ ನಗ್ತಾರೆ, ಆದ್ರೂ ಚೊಂಬು ಮುಟ್ತಾರೆ. ಇದು ಗೊತ್ತಾದ್ರೆ ನಮ್ಮನೆ ಕಡೆ ತಲೆ ಹಾಕ್ತಾರಾ?"

ಸಂಜೆ ಜೊತೆಗಾರರು ವಿಚಾರಿಸಿಕೊಳ್ಳಲು ಬಂದು ಹೊರಗಿನಿಂದ ಕೂಗಿದರು. ದೇವೀರಮ್ಮ ಗಂಡನ ಕಾಲರು ಮೂಸಿ ನೋಡಿದಳು. "ಸಾಲ್ದು," ಎಂದು ಬಾಟಲಿಯ ಮುಚ್ಚಳ ತಿರುಗಿಸಿದಳು.