ತಿನ್ನದವರ ಗಾಳ

ಚಪ್ಪಲಿ ಕಳಚುವ ಮೊದಲೇ ರಂಜನಿ ಹೇಳಿಬಿಟ್ಟಳು: "ಅಣ್ಣಾ, ಆ ಮೀನುಗಳನ್ನ ಅವರು ತಿನ್ನೋದಿಲ್ವಂತೆ. ಹಿಡಿದು, ಮತ್ತೆ ನೀರಿಗೇ ಬಿಟ್ಟುಬಿಡ್ತಾರಂತೆ."

ಸುಶಮೀಂದ್ರ ಪಂಚಾಂಗದಿಂದ ತಲೆ ಎತ್ತಿದ. ನಾಳೆ ರಾಯರ ಆರಾಧನೆ. ನಡುಮನೆಯಲ್ಲಿ ಅತ್ತಿಗೆ ಶ್ರೀಪ್ರಿಯಾ ಬುಟ್ಟಿ ತುಂಬ ತುಳಸಿ ಮುಂದಿಟ್ಟುಕೊಂಡು ಮಾಲೆ ಕಟ್ಟುತ್ತಿದ್ದಳು. ಒಂದು ಕಾಲಕ್ಕೆ ಆ ಕೆಲಸ ರಂಜನಿಯದು. ಅಮ್ಮ ಕಲಿಸಿದ ಗಂಟು; ಮೂರು ದಿನದ ಆರಾಧನೆ ಮುಗಿದರೂ ಸಡಿಲುತ್ತಿರಲಿಲ್ಲ. ಆ ಬೆರಳುಗಳ ನಯ ನೋಡಿಯೇ ಗಿಂಡಿ ಬಡಾವಣೆಯ ಕಾರ್ಖಾನೆಯವರು ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದು. ಅಲ್ಲಿ ಸಣ್ಣ ಗಾಳದ ಮೇಲೆ ಗರಿ, ದಾರ ಸುತ್ತಿ ಹುಳದ ಹಾಗೆ ಕಾಣುವಂತೆ ಕಟ್ಟಬೇಕು. ಪರದೇಶದವರು ಅದನ್ನು ಹೊಳೆಯ ಮೇಲೆ ಬೀಸಿ ಮೀನು ಹಿಡಿಯುತ್ತಾರೆ. ವಿಷಯ ತಿಳಿದ ದಿನವೇ ಅಣ್ಣ ಹೇಳಿದ್ದ, ಗಾಳ ಕಟ್ಟುವ ಕೈಯಲ್ಲಿ ದೇವರ ತುಳಸಿ ಬೇಡ ಎಂದು. ಹನ್ನೊಂದು ವರ್ಷವಾಯಿತು. ಹಬ್ಬಕ್ಕೆ ಬಾ ಎನ್ನುತ್ತಾರೆ, ಎಲೆ ಹಾಕಿ ಬಡಿಸುತ್ತಾರೆ. ತುಳಸಿಯ ಬುಟ್ಟಿ ಮಾತ್ರ ಅವಳ ಕಡೆ ಸರಿಯುವುದಿಲ್ಲ.

ಕೆಲಸ ಬಿಡು ಎಂದರೆ ಬಿಡುವುದಕ್ಕಾಗುತ್ತದೆಯೇ? ಮದುವೆಯಾದ ಎಂಟನೇ ತಿಂಗಳಿಗೆ ಗಂಡ ಅವಳನ್ನು ಪೆಟ್ಟಿಗೆ ಸಮೇತ ಇದೇ ಬಾಗಿಲಲ್ಲಿ ಬಿಟ್ಟು ಹೋದವನು. ಹೊಡೆಯಲಿಲ್ಲ, ಬೈಯಲಿಲ್ಲ, ಬೇಡವೆಂದ, ಅಷ್ಟೆ. ಈಗ ವೇಳಚೇರಿಯಲ್ಲಿ ಒಂದು ಕೋಣೆ, ಒಂದು ಒಲೆ, ಒಂದು ತಟ್ಟೆ. ಮಲಗಿ ನಿದ್ದೆ ಬಾರದಿದ್ದರೆ ಗಾಳ ತುಂಬಿ ಕಳಿಸುವ ಡಬ್ಬಿಗಳ ಮೇಲಿನ ಊರುಗಳನ್ನು ನೆನೆಯುತ್ತಾಳೆ. ನ್ಯೂಜಿಲೆಂಡಿನ ಹೊಳೆಗೆ ಜೀರುಂಡೆ, ಮೊಂಟಾನಾಕ್ಕೆ ಮಿಡತೆ, ಐಸ್‌ಲ್ಯಾಂಡಿಗೆ ಸಾಸಿವೆಯಷ್ಟು ಕರಿ ನೊಣ. ಆ ಹೊಳೆಗಳ ದಡ ಕಂಡವಳಲ್ಲ. ಅಲ್ಲಿ ಹಾರುವ ಹುಳ ಮಾತ್ರ ಒಂದೊಂದೂ ಗೊತ್ತು.

ಈ ವಾರದ ಆರ್ಡರಿನಲ್ಲಿ ಹೊಸದೊಂದು ಮಾತಿತ್ತಂತೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಯಾಕೆಂದು ಕೇಳಿದರೆ ಸೂಪರ್‌ವೈಸರ್ ನಕ್ಕು ಹೇಳಿದಳಂತೆ, ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದಲ್ಲ, ಈಗೀಗ ಅವರು ಫೋಟೋ ತೆಗೆದುಕೊಂಡು ಬಿಟ್ಟುಬಿಡುತ್ತಾರೆ ಎಂದು. ಆ ಮಧ್ಯಾಹ್ನ ರಂಜನಿಗೆ ಡಬ್ಬಿಯ ಮೊಸರನ್ನ ಎಷ್ಟೋ ವರ್ಷದ ಮೇಲೆ ರುಚಿಸಿತ್ತು. ಸಂಜೆ ಕೆಲಸದ ಮೇಜಿನಿಂದ ಎದ್ದವಳು ತನ್ನ ಕೋಣೆಗೂ ಹೋಗದೆ ಅಣ್ಣಾ ನಗರದ ಈ ಮನೆಗೆ ಬಂದಿದ್ದಳು.

ಹೇಳುತ್ತ ಹೇಳುತ್ತಲೇ ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆದು ಬಂದು, ಬುಟ್ಟಿಗೆ ಒಂದು ಮೊಳ ದೂರದಲ್ಲಿ ಕುಳಿತಳು.

ಸುಶಮೀಂದ್ರ ಕನ್ನಡಕ ತೆಗೆದ. "ತಿನ್ನಲ್ಲ ಅಂದ್ಮೇಲೆ ಹಿಡಿಯೋದ್ಯಾಕೆ?"

"ಸುಮ್ಮಾ, ಅಣ್ಣಾ. ಸಂತೋಷಕ್ಕೆ."

"ಹಸಿದವನು ಹಿಡಿದ್ರೆ ಹೊಟ್ಟೆಪಾಡು ಅನ್ನಬಹುದು, ರಂಜಿ. ಇದು ಅದಕ್ಕಿಂತ ಕಡೆ ಆಯ್ತಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕನ್ನಡಕ ಏರಿಸಿ ಮತ್ತೆ ಪಂಚಾಂಗ ನೋಡತೊಡಗಿದ.

ಬುಟ್ಟಿ ಇದ್ದಲ್ಲೇ ಇತ್ತು. ಶ್ರೀಪ್ರಿಯಾಗೆ ಪಾಪ ಎನಿಸಿರಬೇಕು, ಏನಾದರೂ ಮಾತಾಡಬೇಕಲ್ಲ ಎಂದು ದಾರ ಎಳೆಯುತ್ತ ಕೇಳಿದಳು: "ಅಲ್ಲ ರಂಜನಿ, ಹಾಗೆ ಚುಚ್ಚಿಸಿಕೊಂಡಿದ್ದು, ಬಿಟ್ಟಮೇಲೆ ಬದುಕತ್ತಾ?"

ರಂಜನಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಬದುಕತ್ತೆ, ಅತ್ತಿಗೆ. ನಾನು ಬದುಕಿಲ್ವಾ?"