ಕಿಟಕಿಯ ಕೆಳಗಿನ ಸಿಗ್ನಲ್

ಸಿಮ್ ಹಾಕಿ, ಬ್ಯಾಟರಿಗೆ ಸಿಕ್ಕಿಸಿ ನೋಡಿದ ರೂಟರ್‌ನಲ್ಲಿ ಕೊನೆಗೂ ಹಸಿರು ದೀಪ ಹತ್ತಿದ್ದು ರಾಧಾಮಣಿಯ ಮನೆಯಲ್ಲಲ್ಲ, ಪಕ್ಕದ ಮನೆಯ ಕಿಟಕಿಯ ಕೆಳಗೆ. ಅದು ಅವಳ ಓರಗಿತ್ತಿ ಚಿಕ್ಕಹನುಮಕ್ಕನ ಮನೆ. ಮನೆ ಪಾಲಾದ ಮೇಲೆ ಆರು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

"ನಿಮ್ಮನೇಗೆ ಚನ್ನರಾಯನದುರ್ಗದ ಬೆಟ್ಟ ಅಡ್ಡ ಐತೆ ಕಣಕ್ಕ. ಇಲ್ಲಿಟ್ರೆ ಮಾತ್ರ ನಿಮಗೆ ನೆಟ್ ಬರೋದು, ಕರೆಂಟೂ ಇವರ ಮನೆಯಿಂದ್ಲೇ ಬೇಕು," ಎಂದ ರೂಟರ್ ಹಾಕಲು ಬಂದಿದ್ದ ಅಂಜನ್ ಕುಮಾರ್. ನೆಟ್ ಇಲ್ಲದಿದ್ದರೆ ರಾಧಾಮಣಿ ಸೋಮವಾರದಿಂದ ಮನೆಯಲ್ಲೇ ಕೂತು ಮಾಡಬೇಕಿದ್ದ ಕೆಲಸ ಕೈತಪ್ಪುತ್ತಿತ್ತು. ಓರಗಿತ್ತಿಯನ್ನು ಕೇಳಲು ಬಾಯಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಚಿಕ್ಕಹನುಮಕ್ಕನೇ ಕಿಟಕಿಗೆ ಬಂದಳು. "ಏನಪ್ಪಾ, ನಮ್ಮ ಗೋಡೇಲಿ ಏನ್ ಹುಡುಕ್ತಿದ್ದೀಯ?" ಎಂದು ಅಂಜನ್‌ನನ್ನು ಕೇಳಿದಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹ್ಞೂಂ ಉಹ್ಞೂಂ ಎನ್ನದೆ ಕಿಟಕಿ ಮುಚ್ಚಿದಳು. ಬೈದಿದ್ದರಾದರೂ ಅರ್ಥವಾಗುತ್ತಿತ್ತು ಎಂದುಕೊಂಡು ರಾಧಾಮಣಿ ರೂಟರ್ ಎತ್ತಿಕೊಂಡು ಹೊರಟಳು.

ಹಿಂದೆ ಕಿಟಕಿ ಮತ್ತೆ ತೆರೆದ ಸದ್ದಾಯಿತು. ಸರಳುಗಳ ನಡುವಿನಿಂದ ಒಂದು ಕೈ ಎಕ್ಸ್‌ಟೆನ್ಷನ್ ಬೋರ್ಡನ್ನು ಹೊರಗೆ ಚಾಚಿತ್ತು. ಕೊಡುತ್ತಿರುವುದು ಅಂಜನ್‌ಗೋ, ತನಗೋ? ತಿಳಿಯದೆ ರಾಧಾಮಣಿ ನಿಂತೇ ಇದ್ದಳು.

"ತಗಳೇ ರಾಧಾ, ಕೈ ನೋಯ್ತದೆ."